ಒಂದು ಸ್ಟೀಲ್ ಗ್ಲಾಸು ಕೇಳಿದ್ದಕ್ಕೆ

ಹೋದ ವರ್ಷ ಜೋಳದ ರಾಶಿ ಮುಗಿದ ಸಮಯ. ನಾನು ಬೀದರಿನ ಮೈಲೂರಿನಲ್ಲಿದ್ದು ವಿಮೆ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಭಾನುವಾರ ಬಂದರೆ ನಮ್ಮ ಕಡೆಯ ಮಾತಿನಲ್ಲಿ ನಗೆ ವಿಡಿಯೊ ಮಾಡಿ ಮೊಬೈಲಿನಲ್ಲಿ ಹಾಕುವ ಚಟವಿತ್ತು. ಅವ್ವ ಇರುವುದು ಔರಾದ್ ತಾಲ್ಲೂಕಿನ ನಮ್ಮೂರಿನಲ್ಲಿ. ಊರ ಹೆಸರು ಬೇಡ, ಬರೆದರೆ ಇನ್ನೊಂದು ಸಭೆ ಕರೆಯುತ್ತಾರೆ.

ನಮ್ಮೂರ ಹೋಟೆಲಿನಲ್ಲಿ ಎಲ್ಲರಿಗೂ ಸ್ಟೀಲ್ ಗ್ಲಾಸಿನಲ್ಲಿ ಚಹಾ. ನಮ್ಮ ಓಣಿಯವರಿಗೆ ಮಾತ್ರ ಪೇಪರ್ ಕಪ್. ಅಪ್ಪನ ಕಾಲದಲ್ಲಿ ನಮಗೇ ಅಂತ ಬೇರೆ ಗ್ಲಾಸು ಇಟ್ಟಿದ್ದರು, ಕುಡಿದು ನಾವೇ ತೊಳೆದಿಡಬೇಕಿತ್ತು. ಕಾನೂನಿನ ಹೆದರಿಕೆಗೆ ಆ ಗ್ಲಾಸು ಹೋಗಿ ಪೇಪರ್ ಕಪ್ ಬಂತು. ಇದನ್ನೇ ನಗೆ ಮಾಡಿದೆ. ಗಿರಾಕಿಯೂ ನಾನೇ, ಹೋಟೆಲ್ ಮಾಲಕನೂ ನಾನೇ.

“ಕಾಕಾ, ನನಗೂ ಸ್ಟೀಲ್ ಗ್ಲಾಸಿನ್ಯಾಗ ಚಾ ಕೊಡ್ರಿ.”

“ಸ್ಟೀಲ್ ಕೈ ಸುಡ್ತದ ತಮ್ಮಾ. ನಿನ್ನ ಕಾಳಜಿಗೇ ಪೇಪರ್ ಕಪ್ಪಿನ್ಯಾಗ ಕೊಡ್ಲತ್ತೀನಿ.”

ಇಷ್ಟೇ ವಿಡಿಯೊ. ಊರ ಹೆಸರಿಲ್ಲ, ಜಾತಿಯ ಹೆಸರಿಲ್ಲ. ಭಾಲ್ಕಿಯಿಂದ ಪರಿಚಯವೇ ಇಲ್ಲದವರೊಬ್ಬರು ಫೋನ್ ಮಾಡಿ, “ನಮ್ಮೂರಾಗೂ ಹಿಂಗೇ ಅದರಿ” ಎಂದು ನಕ್ಕರು. ನನಗೆ ಹಿಗ್ಗೋ ಹಿಗ್ಗು. ಆದರೆ ಕುಂಬಳಕಾಯಿ ಕಳ್ಳ ಎಂದರೆ ನಮ್ಮೂರವರು ಹೆಗಲು ಮುಟ್ಟಿ ನೋಡಿಕೊಂಡರು. ಆ ವಾರವೇ ಅವ್ವನ ಫೋನ್ ಬಂತು. ಗಿರಣಿಯವನು ಜೋಳ ಬೀಸಿಕೊಡಲು ಒಲ್ಲೆ ಎಂದಿದ್ದ.

“ನಿನ್ನ ಮಗ ಬಂದು ತಪ್ಪಾಯ್ತು ಅಂದ್ರ ಬೀಸ್ತೀನಿ ಅಂದಾನಪ್ಪ. ಮನ್ಯಾಗ ಹಿಟ್ಟಿಲ್ಲ.”

ಮರುದಿನ ಬೆಳಗಿನ ಬಸ್ಸಿಗೆ ಹೋದೆ. ಸಭೆ ಸೇರಿದ್ದು ಅದೇ ಹೋಟೆಲಿನ ಮುಂದೆ. ಚಿಕ್ಕಂದಿನಿಂದ ನಾನು ಕಾಕಾ ಎಂದೇ ಕರೆಯುವ ಊರ ಹಿರಿಯರೊಬ್ಬರು ಮಾತು ತೆಗೆದರು.

“ನಾವೆಲ್ಲ ಅಣ್ಣ ತಮ್ಮರಂಗ ಇದ್ದೀವಿ. ಊರ ಮರ್ಯಾದಿ ಯಾಕ ತೆಗದಿ?”

“ನಾ ಸುಳ್ಳೇನು ಹೇಳೀನ್ರಿ ಕಾಕಾ?”

“ಖರೆ ಅದ ಅಂತ ಮೊಬೈಲಿನ್ಯಾಗ ಹಾಕ್ತಾರೇನು? ನೀ ಬೀದರಿಗಿ ಹೋಗ್ತಿ. ನಿಮ್ಮವ್ವ ಇಲ್ಲೇ ಇರಾಕಿ. ನೋಡು.”

ಅವ್ವ ದೂರದಲ್ಲಿ ಜೋಳದ ಡಬ್ಬಿ ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು. ನಾನು ಎಲ್ಲರ ಮುಂದೆಯೇ ವಿಡಿಯೊ ಅಳಿಸಿದೆ. ಅದು ಸಾಲದು, ಕ್ಷಮೆಯನ್ನೂ ವಿಡಿಯೊದಲ್ಲೇ ಕೇಳಬೇಕು ಎಂದರು.

“ಸಿಟ್ಟು ಬಿಡು ತಮ್ಮಾ, ಮೊದಲ ಚಾ ಕುಡಿ” ಎಂದರು ಕಾಕಾ. ಚಹಾ ಬಂತು. ಎಲ್ಲರಿಗೂ ಸ್ಟೀಲ್ ಗ್ಲಾಸು. ನನ್ನ ಕೈಗೆ ಪೇಪರ್ ಕಪ್. ನಾನು ಸುತ್ತಲಿನವರ ಮುಖ ನೋಡಿದೆ. ನನ್ನನ್ನು ಹಂಗಿಸಲು ಹಾಗೆ ಕೊಟ್ಟಿರಲಿಲ್ಲ. ದಿನಾ ಕೊಡುವಂತೆ ಕೊಟ್ಟಿದ್ದರು, ಅಷ್ಟೇ.

ಅಷ್ಟರಲ್ಲಿ ಒಬ್ಬ ಮೊಬೈಲ್ ಎತ್ತಿ ಹಿಡಿದು “ಹೂಂ, ಹೇಳು” ಎಂದ.

“ನಮ್ಮೂರಾಗ ಅಂಥಾ ಭೇದ ಏನೂ ಇಲ್ರಿ. ನಾ ಸುಳ್ಳು ಹೇಳೀನಿ. ತಪ್ಪಾಯ್ತು” ಎಂದೆ.

ಅವತ್ತೇ ಅವ್ವನ ಜೋಳ ಬೀಸಿಕೊಟ್ಟರು. ಅವಳು ಬಿಸಿ ರೊಟ್ಟಿ ಬಡಿದು ಕರೆದಳು. ನಾನು ಉಣ್ಣದೇ ಬೀದರಿನ ಬಸ್ಸು ಹತ್ತಿದೆ. ಆಮೇಲೆ ನಾನು ಯಾವ ವಿಡಿಯೊವನ್ನೂ ಮಾಡಿಲ್ಲ.

ನನ್ನ ಕ್ಷಮೆಯನ್ನು ಅವರೇ ಊರೂರಿಗೆ ಕಳಿಸಿದರು. ಅದು ಇಂದಿಗೂ ಮೊಬೈಲುಗಳಲ್ಲಿ ಓಡಾಡುತ್ತಿದೆ. ಕೆಳಗೆ “ಈಗ ಬುದ್ಧಿ ಬಂತೇನಪಾ” ಎಂದು ಬರೆದವರಿಗೆ ಲೆಕ್ಕವಿಲ್ಲ. ಭೇದವಿಲ್ಲ ಎಂದು ನಾನು ಹೇಳುವಾಗ ನನ್ನ ಕೈಯಲ್ಲಿ ಪೇಪರ್ ಕಪ್ ಇದೆ, ಅಕ್ಕಪಕ್ಕದವರ ಕೈಯಲ್ಲಿ ಸ್ಟೀಲ್ ಗ್ಲಾಸುಗಳಿವೆ. ಎಲ್ಲ ಸ್ಪಷ್ಟವಾಗಿ ಕಾಣುತ್ತದೆ. ಇವತ್ತಿನವರೆಗೆ ಒಬ್ಬರೂ ಅದರ ಬಗ್ಗೆ ಒಂದು ಮಾತು ಬರೆದಿಲ್ಲ.