ಪಟ್ಟಿ ಬಿಚ್ಚಿದ ಮೇಲೆ

ವೈದ್ಯನೆಂಬ ಸರ್ಕಾರಿ ಸನದಿಲ್ಲದೆ ಕಣ್ಣಿನ ಪೊರೆ ತೆಗೆದರೆ ಗಂಗಾವತಿಯಲ್ಲಿ ಮೊದಲು ಜೈಲಾಗುತ್ತಿತ್ತು. ನಾನು ಬಿ.ಎ. ಮುಗಿಸಿ ಬಂದ ವರ್ಷ ಆ ಶಿಕ್ಷೆ ರದ್ದಾಯಿತು. ಬರೀ ತಾಕೀತು ಉಳಿಯಿತು. ನಾನು ಕೊಪ್ಪಳಕ್ಕೆ ಹೋಗಿದ್ದಾಗ ನಮ್ಮೂರ ಸಂತೆಯಲ್ಲಿ ಸನದಿಲ್ಲದವನೊಬ್ಬ ನಮ್ಮವ್ವನ ಪೊರೆಯನ್ನು ಸೂಜಿಯಿಂದ ಸರಿಸಿ, ಬೆರಳು ತೋರಿಸಿದ. ಅವ್ವ ಎಣಿಸಿದಳು, ಸುತ್ತಲಿನವರು ಹಿಗ್ಗಿದರು. ಮುಂದಿನ ಸಂತೆಯವರೆಗೆ ಬಿಚ್ಚಬೇಡವೆಂದು ಪಟ್ಟಿ ಕಟ್ಟಿದ. ಎಷ್ಟು ನೊಂದರೂ ಅವ್ವ ಬಿಚ್ಚಲಿಲ್ಲ. ಬಿಚ್ಚಿದಾಗ ಕಣ್ಣು ಕೀವು ತುಂಬಿ ಹೋಗಿತ್ತು.

ನಮ್ಮ ಮನೆತನದ ಮೊದಲ ಪದವೀಧರ ನಾನು. ಠಾಣೆಗೆ ಹೋಗಿ, ಅವನನ್ನು ಹಿಡಿಯಿರೆಂದು ಪೊಲೀಸ್ ಅಮೀನರ ಮುಂದೆ ನಿಂತು ವಾದಿಸಿದೆ.

“ತಾಕೀತು ಮಾಡೇನ್ರಿ. ಹಿಡಿಯಾಕ ಈಗ ಕಾಯ್ದೆನ ಇಲ್ರಿ.”

ಮೊದಲಾಗಿದ್ದರೆ ಊರು ಬಿಟ್ಟು ಓಡುತ್ತಿದ್ದವನು ಅದೇ ಸಂತೆಯಲ್ಲಿ ಕೂತಿದ್ದ, ಮುಂದೆ ಜನರ ಸಾಲು.

“ಇವನ ಮುಂದ ಕೂಡಬ್ಯಾಡ್ರಿ, ಕಣ್ಣು ಹೋಗ್ತಾವ,” ಎಂದೆ.

ಸಾಲಿನ ಮುದುಕಿ ನಕ್ಕಳು. “ತಪ್ಪಾಗಿದ್ರ ಸರ್ಕಾರ ಇವನನ್ನ ಬಿಡ್ತಿತ್ತೇನೋ ತಮ್ಮಾ? ಸರಿ ಅತ್ತಾಗ, ನನ್ನ ಪಾಳಿ ಬಂತು.”

ಅವಳು ಅವನೆದುರು ಕೂತು ಕಣ್ಣು ಅಗಲಿಸಿದಳು.