ತೋಟದ ನಡುವಿನ ಕಂದಕ

ನಿವೃತ್ತಿಗೆ ಇನ್ನೆರಡು ವರ್ಷ ಇರುವಾಗ ಸೊರಬದಿಂದ ವರ್ಗವಾಗಿ ಶಿರಾಳಕೊಪ್ಪಕ್ಕೆ ತೋಟಗಾರಿಕೆ ಅಧಿಕಾರಿಯಾಗಿ ಬಂದೆ. ಬೈಕಿನಲ್ಲಿ ಊರೂರು ಸುತ್ತಿದ ಆ ದಿನಗಳು ನೆನಪಾದರೆ ಈಗಲೂ ಮನೆಯಲ್ಲಿ ಕೂರಲು ಮನಸ್ಸಾಗುವುದಿಲ್ಲ.

ತೊಗರ್ಸಿ ಹತ್ತಿರದ ಬಸವಣ್ಯಪ್ಪ ಮತ್ತು ಶಿವಾನಂದ ಅಣ್ಣತಮ್ಮಂದಿರು. ತಂದೆ ಹೋದ ಮೇಲೂ ಪಾಲಾಗದೆ ಒಂದೇ ಒಲೆಯಲ್ಲಿ ಉಣ್ಣುತ್ತಿದ್ದರು. ಒಂದು ದಿನ ಶಿವಾನಂದ ಕಚೇರಿಗೆ ಬಂದು ಮೊಬೈಲಿನಲ್ಲಿ ಫೋಟೊ ತೋರಿಸಿದ. ಅಡಿಕೆ ಮರದ ಗರಿ ಹಳದಿಯಾಗಿ ಜೋತುಬಿದ್ದಿತ್ತು, ಬುಡದಲ್ಲಿ ಕಂದು ಅಣಬೆ ಎದ್ದಿತ್ತು. ಅದು ಅಣಬೆ ರೋಗ. ಗ್ಯಾನೋಡರ್ಮಾ ಎಂಬ ಶಿಲೀಂಧ್ರ ಬೇರನ್ನು ಕೊಳೆಸುತ್ತಾ ಪಕ್ಕದ ಮರಕ್ಕೆ ದಾಟುತ್ತದೆ. ಅಣಬೆ ಕಣ್ಣಿಗೆ ಬೀಳುವ ಹೊತ್ತಿಗೆ ಆ ಮರದ ಕಥೆ ಮುಗಿದಿರುತ್ತದೆ.

ಹೋಗಿ ನೋಡಿದರೆ ತೋಟದ ಪಡುವಣ ಅರ್ಧಕ್ಕೆ ರೋಗ ಹಬ್ಬಿತ್ತು. ಸತ್ತ ಮರಗಳನ್ನು ಬುಡಸಮೇತ ಕಿತ್ತು ಸುಡಬೇಕು, ಉಳಿದವಕ್ಕೆ ಬೇವಿನ ಹಿಂಡಿಯ ಜೊತೆ ಟ್ರೈಕೋಡರ್ಮಾ ಎಂಬ ಜೈವಿಕ ಔಷಧಿ ಕೊಡಬೇಕು, ಬೇರು ದಾಟದಂತೆ ನಡುವೆ ಎರಡಡಿ ಆಳದ ಕಂದಕ ತೋಡಬೇಕು ಎಂದೆ. ಕಂದಕದ ಗುರುತಿಗೆ ಹಗ್ಗ ಹಿಡಿಸಿದಾಗ ಬಸವಣ್ಯಪ್ಪನವರು ಅದರ ಮೇಲೆ ಕಾಲಿಟ್ಟು ನಿಂತರು.

"ಇದಾಗಲ್ರೀ ಸಾಹೇಬ್ರೆ. ನಟ್ಟನಡುವೆ ಅಗದ್ರೆ ಊರೋರು ಅಣ್ತಮ್ಮಂದ್ರು ಹಿಸ್ಸೆ ಆದ್ರು ಅಂತಾರೆ."

"ತೋಟನೇ ಹೋದ್ಮೇಲೆ ಹಿಸ್ಸೆ ಮಾಡಾಕೆ ಏನಿರ್ತತಣ್ಣ?" ಎಂದ ಶಿವಾನಂದ.

"ಆ ಮಾತು ನಿನ್ ಬಾಯಾಗೂ ಬಂತಲ್ಲಪ್ಪ," ಎಂದು ಅಣ್ಣ ಮನೆ ಕಡೆ ನಡೆದುಬಿಟ್ಟರು.

ನನಗೆ ರೇಗಿತು. ಶಿಲೀಂಧ್ರ ಯಾರ ಮನಸ್ತಾಪ ತೀರುವವರೆಗೂ ಕಾಯುವುದಿಲ್ಲ. ಹಿಂದೆಯೇ ಹೋಗಿ ಹೇಳಿದೆ, "ಗೆರೆಯ ಆಚೆ ಹೋಗೋ ಮರ ಇಬ್ಬರದೂ ಹೌದು, ಈಚೆ ಉಳಿಯೋದೂ ಇಬ್ಬರದೇ ಅಲ್ವೇನ್ರೀ?"  ಮಾರನೆಯ ದಿನ ಬೆಳಿಗ್ಗೆ ಅವರೇ ಗುದ್ದಲಿ ಹಿಡಿದು ಬಂದರು.

ಕಂದಕ ಮುಗಿದ ಮೇಲೆ ಬಸವಣ್ಯಪ್ಪನವರು ರೋಗವಿಲ್ಲದ ಭಾಗಕ್ಕೆ ಹೋಗಿ, ಗೊನೆ ತುಂಬಿದ ಒಂದು ಮರವನ್ನು ತಾವೇ ಕಡಿದರು. ಅದನ್ನು ತುಂಡು ಮಾಡಿ ಜೋಡಿಸಿ, ಕಂದಕಕ್ಕೆ ಅಡ್ಡಲಾಗಿ ನಡೆದು ದಾಟಲು ಕಾಲುಸಂಕ ಹಾಕಿದರು. ಒಳ್ಳೆಯ ಮರ ಕಡಿದಿರಲ್ಲ ಎಂದು ನಾನು ಪೇಚಾಡಿದೆ.

"ಅವೆಲ್ಲ ರೋಗಕ್ಕೆ ಹೋದ್ವು. ಇದೊಂದು ನನ್ ತಮ್ಮನ್ ಸಲುವಾಗಿ ಹೋಗ್ಲಿ ಬಿಡ್ರೀ," ಎಂದರು.

ಆಚೆ ನಿಂತಿದ್ದ ಶಿವಾನಂದ ಸಂಕ ದಾಟಿ ಬಂದು ಅಣ್ಣನ ಕೈಯಿಂದ ಕೊಡಲಿ ತೆಗೆದುಕೊಂಡ. ನನ್ನ ಕಣ್ಣು ತುಂಬಿತ್ತು.

ರೋಗ ಆ ಕಂದಕ ದಾಟಲಿಲ್ಲ. ನಮ್ಮ ಇಲಾಖೆಯ ಕೈಪಿಡಿಯಲ್ಲಿ ಕಂದಕದ ಅಳತೆ ಇತ್ತು, ಸಂಕದ ಮಾತಿರಲಿಲ್ಲ. ಆಮೇಲೆ ಯಾವ ತೋಟದಲ್ಲಿ ಹಗ್ಗ ಹಿಡಿಸಿದರೂ, ಸಂಕ ಎಲ್ಲಿ ಹಾಕುತ್ತೀರಿ ಎಂದು ಮೊದಲೇ ಕೇಳುತ್ತಿದ್ದೆ.