ಅಳತೆ ಸಾಹೇಬರ ಚಿತ್ರೋತ್ಸವ

ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದ ಅವರನ್ನು ಊರೆಲ್ಲ ಅಳತೆ ಸಾಹೇಬರು ಅಂತಲೇ ಕರೆಯುತ್ತಿತ್ತು. ಇಪ್ಪತ್ತೆಂಟು ವರ್ಷ ಅಂಗಡಿ ಅಂಗಡಿ ಸುತ್ತಿ ತಕ್ಕಡಿ ತಪಾಸಣೆ ಮಾಡಿದವರು. ಆ ಅಭ್ಯಾಸ ಅವರ ಹಿಂದೆಯೇ ಮನೆಗೂ ಬಂದಿತ್ತು. ಬಿಸ್ಕತ್ತಿನ ಪೊಟ್ಟಣ ಒಡೆದರೆ ಎಣಿಸಿಯೇ ಡಬ್ಬಿಗೆ ಹಾಕುತ್ತಿದ್ದರು.

ಕಚೇರಿಯ ಗೋಡೆಯ ಮೇಲೆ ಚಿತ್ರೋತ್ಸವದ ಪೋಸ್ಟರ್ ಕಂಡಾಗ ಅವರ ಕಣ್ಣಿಗೆ ಬಿದ್ದದ್ದು ಒಂದೇ ಸಾಲು: ಏಳು ದಿನ, ಐದು ತೆರೆ, ನೂರ ನಲವತ್ತು ಸಿನಿಮಾ, ಒಂದೇ ಪಾಸು. ಸಿನಿಮಾ ಮೇಲೆ ಅವರಿಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಆದರೆ ಇಷ್ಟು ಕೊಡುತ್ತೇವೆ ಅಂತ ಎದುರಿನವನು ಬರೆದು ಅಂಟಿಸಿದ ಮೇಲೆ ಕಡಿಮೆ ತೆಗೆದುಕೊಂಡು ಮನೆಗೆ ಬರುವವನು ದಡ್ಡ ಎಂಬುದು ಅವರ ನಂಬಿಕೆ.

ವೇಳಾಪಟ್ಟಿಯನ್ನು ನಾಲ್ಕು ಬಣ್ಣದ ಪೆನ್ನಿನಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ದಿನಕ್ಕೆ ಆರರಂತೆ ನಲವತ್ತೆರಡು ಸಿನಿಮಾ. ಬೆಳಿಗ್ಗೆ ಎಂಟರ ಮೇಲೆ ನೀರು ಕುಡಿಯುವಂತಿಲ್ಲ, ಶೌಚಾಲಯಕ್ಕೆ ಹೋಗಿಬರಲು ಒಂಬತ್ತು ನಿಮಿಷ ದಂಡ. ಒಂದು ಮುಗಿದು ಇನ್ನೊಂದು ಶುರುವಾಗುವುದರ ನಡುವೆ ಮೂರು ಮಹಡಿ ಹತ್ತಿ ಇಳಿಯಲು ಸಮಯ ಸಾಲದ್ದರಿಂದ, ಪ್ರತಿ ಸಿನಿಮಾದಲ್ಲೂ ಕೊನೆಯ ಹದಿನೈದು ನಿಮಿಷ ಬಿಟ್ಟು ಎದ್ದು ಬರುವುದು ಎಂದು ತೀರ್ಮಾನಿಸಿದರು. ಇಲಾಖೆಯಲ್ಲೂ ಅಷ್ಟು ವ್ಯತ್ಯಾಸಕ್ಕೆ ಮಾಫಿ ಇದೆಯಂತೆ.

ಉಳಿದದ್ದು ಸೀಟಿನ ಸಮಸ್ಯೆ. ಅದಕ್ಕೆ ಹೆಂಡತಿ ಇದ್ದರು.

ಹೆಂಡತಿ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರ್. ಗಂಡ ತಮಗೂ ಪಾಸು ಮಾಡಿಸಿದ್ದಾರೆ ಅಂತ ತಿಳಿದಾಗ ಆಕೆಗೆ ನಿಜವಾಗಿಯೂ ಖುಷಿಯಾಯಿತು. ಏಳು ದಿನ ರಜೆ ಹಾಕಿದರು. ಒಳ್ಳೆಯ ಬಟ್ಟೆಗಳನ್ನು ತೆಗೆದು ಇಸ್ತ್ರಿ ಮಾಡಿಟ್ಟರು. ಮೊದಲ ದಿನ ಬಸ್ಸಿನಲ್ಲಿ ಸಾಹೇಬರು ಕೆಲಸ ವಿವರಿಸಿದರು.

“ನಾನು ಒಂದು ತೆರೇಲಿ ಕೂತಾಗ ನೀನು ಮುಂದಿನ ತೆರೆಯ ಬಾಗಿಲಲ್ಲಿ ಸಾಲಿಗೆ ನಿಲ್ಬೇಕು. ಕೊನೇಲಿ ಬೇಜಾರಾದೋರು ಎದ್ದು ಬರ್ತಾರೆ, ಆ ಜಾಗಕ್ಕೆ ಸಾಲಿನಲ್ಲಿರೋರನ್ನ ಬಿಡ್ತಾರೆ. ಒಳಗೆ ಹೋಗಿ ಎರಡು ಸೀಟು ಹಿಡಿ. ನಾನು ಬಂದ್ಮೇಲೆ ನೀನು ಅದರ ಮುಂದಿನದಕ್ಕೆ ಹೊರಡು.”

“ಮತ್ತೆ ನಾನು ಸಿನಿಮಾ ನೋಡೋದು ಯಾವಾಗ್ರೀ?”

“ಸೀಟು ಹಿಡಿದು ಕೂತಿರ್ತೀಯಲ್ಲ, ಆಗ ಕಣ್ಣು ಮುಚ್ಕೊಂಡಿರ್ತೀಯಾ?”

ಹೀಗೆ ಟೀಚರ್ ಐದು ದಿನದಲ್ಲಿ ಮೂವತ್ತು ಸಿನಿಮಾಗಳ ಕೊನೆ ನೋಡಿದರು. ಒಂದೇ ಸಿನಿಮಾವನ್ನು ಹೊತ್ತು ಬದಲಿಸಿ ಬೇರೆ ತೆರೆಯಲ್ಲೂ ಹಾಕುತ್ತಿದ್ದರಿಂದ, ಸಾಹೇಬರು ಬಿಟ್ಟ ಕೊನೆಗಳೇ ಎಷ್ಟೋ ಸಲ ಆಕೆಯ ಪಾಲಿಗೆ ಬರುತ್ತಿದ್ದವು. ಒಬ್ಬಳು ಖಾಲಿ ಪಂಜರ ಹಿಡಿದು ಬಸ್ಸಿಗೆ ಕಾಯುತ್ತಾಳೆ. ಇಬ್ಬರು ಅಣ್ಣತಮ್ಮಂದಿರು ಹಿಮದಲ್ಲಿ ಒಂದು ಬಾಗಿಲನ್ನು ಹೊತ್ತು ನಡೆಯುತ್ತಾರೆ. ಯಾರು, ಯಾಕೆ, ಏನಾಗಿತ್ತು ಒಂದೂ ಗೊತ್ತಿಲ್ಲ. ಆದರೂ ಸುತ್ತಲಿನವರು ಅಳುತ್ತಿದ್ದರೆ ಮರ್ಯಾದೆಗೆಂದು ತಾವೂ ಕರ್ಚೀಫು ತೆಗೆಯುತ್ತಿದ್ದರು. ಅಷ್ಟರಲ್ಲಿ ಏದುಸಿರು ಬಿಡುತ್ತಾ ಸಾಹೇಬರು ಬಂದು ಪಕ್ಕದಲ್ಲಿ ಕುಸಿಯುತ್ತಿದ್ದರು. ಟೀಚರ್ ನೋಯುವ ಮಂಡಿ ಹಿಡಿದುಕೊಂಡು ಏಳುತ್ತಿದ್ದರು.

ರಾತ್ರಿ ಮನೆಯಲ್ಲಿ ಸಾಹೇಬರು ನೋಡಿದ ಸಿನಿಮಾಗಳ ರಿಜಿಸ್ಟರ್ ತೆರೆಯುತ್ತಿದ್ದರು.

“ಆ ಗಿಳಿ ಸಾಕಿದ ಹುಡುಗಿ ಕಥೆ ಏನಾಯ್ತೇ?”

“ಅದು ಗಿಳಿ ಪಂಜರಾನಾ? ಕೊನೇಲಿ ಅದರೊಳಗೆ ಏನೂ ಇರ್ಲಿಲ್ಲ. ಗಿಳಿ ಎಲ್ಲಿ ಹೋಯ್ತು?”

“ನಾನು ಬರೋವರೆಗೂ ಇತ್ತು,” ಎಂದು ಸಾಹೇಬರು ‘ಪೂರ್ಣ’ ಅಂತ ಬರೆದು ಗೆರೆ ಎಳೆಯುತ್ತಿದ್ದರು. ಹೆಂಡತಿ ಮಧ್ಯದ್ದನ್ನು ಕೇಳಿದರೆ, “ಅದೆಲ್ಲ ಹೇಳ್ತಾ ಕೂತ್ರೆ ಬೆಳಗಾಗತ್ತೆ,” ಎನ್ನುತ್ತಿದ್ದರು.

ಆರನೆಯ ದಿನ ಮಧ್ಯಾಹ್ನ ಲೆಕ್ಕ ತಪ್ಪಿತು. ಸಾಹೇಬರು ಕೂತಿದ್ದ ತೆರೆಯಲ್ಲಿ ಯಂತ್ರ ಕೆಟ್ಟು ಸಿನಿಮಾ ಅರ್ಧ ಗಂಟೆ ನಿಂತಿತು. ಎದ್ದು ಬರಬಹುದಿತ್ತು. ಆದರೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಬಿಟ್ಟರೆ ಅವರ ಕಾನೂನಿನಂತೆ ಸಿನಿಮಾ ಲೆಕ್ಕಕ್ಕಿಲ್ಲ. ಹಲ್ಲು ಕಚ್ಚಿ ಕೂತರು.

ಇತ್ತ ಕೆಳಮಹಡಿಯಲ್ಲಿ ದೀಪ ಆರಿತು. ಟೀಚರ್ ಅಷ್ಟು ದಿನದಲ್ಲಿ ಮೊದಲ ಸಲ ಒಂದು ಸಿನಿಮಾದ ಹೆಸರು ತೆರೆಯ ಮೇಲೆ ಮೂಡುವುದನ್ನು ಕಂಡರು. ಲಿಫ್ಟ್ ನಡೆಸುವ ಒಬ್ಬ ಮುದುಕ, ನಾಲ್ಕನೇ ಮಹಡಿಯಲ್ಲಿ ಒಂಟಿಯಾಗಿರುವ ಹೆಂಗಸು. ದಿನಾ ಮೇಲೆ ಹೋಗುತ್ತಾರೆ, ಕೆಳಗೆ ಬರುತ್ತಾರೆ, ಮಾತಿಲ್ಲ. ಅವಳ ಕೋಟಿನ ಗುಂಡಿ ಸಡಿಲವಾಗಿರುವುದನ್ನು ಮುದುಕ ಗಮನಿಸಿದ. ಟೀಚರ್ ಅದನ್ನು ಅವನಿಗಿಂತ ಮೊದಲೇ ಗಮನಿಸಿದ್ದರು.

ಯಾರೋ ಬಗ್ಗಿ ಕೇಳಿದರು. “ಅಮ್ಮ, ಈ ಚೀಲದ ಸೀಟಿಗೆ ಯಾರಾದ್ರೂ ಬರ್ತಾರಾ?”

ಟೀಚರ್ ಒಂದು ಕ್ಷಣ ಚೀಲ ನೋಡಿದರು. ಗಂಡನ ಕೊಡೆ, ಗಂಡನ ಟಾರ್ಚು, ಗಂಡನ ಹೊಟ್ಟೆ ಉರಿಯ ಮಾತ್ರೆ. ಅದನ್ನೆತ್ತಿ ಕಾಲ ಬಳಿ ಇಟ್ಟುಕೊಂಡು, “ಯಾರೂ ಇಲ್ಲಪ್ಪ, ಕೂತ್ಕೊಳ್ಳಿ,” ಅಂದರು.

ಸಾಹೇಬರು ಬಂದದ್ದು ಅರ್ಧ ಗಂಟೆಯ ನಂತರ. ಟಾರ್ಚು ಚೀಲದಲ್ಲೇ ಇದ್ದದ್ದರಿಂದ ಫೋನಿನ ಬೆಳಕು ಹಿಡಿದು ಸಾಲು ಸಾಲಾಗಿ ಮುಖಗಳ ತಪಾಸಣೆ ಶುರುಮಾಡಿದರು.

“ಏನೇ, ಎಲ್ಲಿದ್ದೀಯ?”

ತೆರೆಯ ಮೇಲೆ ಮುದುಕ ಸೂಜಿಗೆ ದಾರ ಪೋಣಿಸುತ್ತಿದ್ದ. ಇಡೀ ಸಭಾಂಗಣ ಶ್ ಅಂದಿತು. “ಏನೇ, ಇವಳೇ,” ಎಂದು ಸಾಹೇಬರು ಇನ್ನೆರಡು ಸಲ ಕೂಗಿದರು. ಟೀಚರ್ ಆ ಸೂಜಿಯಿಂದ ಕಣ್ಣು ಕೀಳಲಿಲ್ಲ. ಕೊನೆಗೆ ಬಾಗಿಲ ಕಾವಲಿನ ಹೆಂಗಸು ಬಂದು, ಭುಜ ಹಿಡಿದು, ದಾರಿ ತಪ್ಪಿದ ಹಸುವನ್ನು ನಡೆಸುವಂತೆ ಅವರನ್ನು ಹೊರಗೆ ನಡೆಸಿದಳು.

ಮನೆಗೆ ಹೋಗುವ ಬಸ್ಸಿನಲ್ಲಿ ಸಾಹೇಬರು ಕೇಳಿದರು. “ನಿನಗೆ ನಾನು ಕರೆದದ್ದು ಕೇಳಿಸ್ಲಿಲ್ವಾ?”

“ಕೇಳಿಸ್ತು.”

ಅಂದು ರಿಜಿಸ್ಟರ್ ತೆರೆದು, ಬೆಳಿಗ್ಗೆ ನೋಡಿದ ಸಿನಿಮಾದಲ್ಲಿ ಕಾಯಿಲೆಯ ತಾಯಿ ಏನಾದಳು ಎಂದು ಕೇಳಿದಾಗ ಟೀಚರ್, “ನೀವೇ ಕೂತು ನೋಡ್ಬೇಕಿತ್ತು,” ಅಂದು ಮಂಡಿಗೆ ಎಣ್ಣೆ ಹಚ್ಚತೊಡಗಿದರು.

ಕೊನೆಯ ದಿನ ನಿರ್ದೇಶಕರ ಜೊತೆ ಸಂವಾದ. ಅತಿ ಹೆಚ್ಚು ಸಿನಿಮಾ ನೋಡಿದ ಪ್ರೇಕ್ಷಕರೆಂದು ಸಾಹೇಬರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಮೈಕು ಕೊಟ್ಟರು. ಎದುರಿಗೆ ಆ ತಾಯಿಯ ಸಿನಿಮಾ ಮಾಡಿದ ಪರದೇಶದ ಮನುಷ್ಯ. ಸಾಹೇಬರು ಗಂಟಲು ಸರಿಮಾಡಿಕೊಂಡರು. “ಕೊನೇಲಿ ತಾಯಿ ಬದುಕಿದಳೋ ಇಲ್ಲವೋ ಅನ್ನೋದನ್ನ ನಮಗೇ ಬಿಟ್ಟಿರಲ್ಲ, ಅದು ಬಹಳ ಚೆನ್ನಾಗಿತ್ತು.”

ದುಭಾಷಿ ಅದನ್ನು ಹೇಳಿದ. ನಿರ್ದೇಶಕ ಹುಬ್ಬು ಗಂಟಿಕ್ಕಿ ಉತ್ತರ ಕೊಟ್ಟ. ದುಭಾಷಿ ಮುಜುಗರದಿಂದ ತಿರುಗಿ ಹೇಳಿದ: “ಕೊನೆಯ ಹನ್ನೊಂದು ನಿಮಿಷ ತಾಯಿಯ ಶವಸಂಸ್ಕಾರವೇ ಇದೆ ಅಂತಿದ್ದಾರೆ.”

ಒಬ್ಬಿಬ್ಬರು ಕಿಸಕ್ಕೆಂದರು. ಸಾಹೇಬರ ಕಿವಿ ಕೆಂಪಾಯಿತು. ಆಗ ಪತ್ರಿಕೆಗಳಲ್ಲಿ ಸಿನಿಮಾ ವಿಮರ್ಶೆ ಬರೆಯುವ ಗಡ್ಡದವರು ಎದ್ದು ನಿಂತರು. “ಅವರು ಹೇಳ್ತಿರೋದು ಅದಲ್ಲ. ದೇಹ ಮಣ್ಣಾಗಬಹುದು, ಸಾಂಕೇತಿಕವಾಗಿ ತಾಯಿ ಸತ್ತಳಾ? ಆ ಪ್ರಶ್ನೆಯನ್ನ ನಿರ್ದೇಶಕರಿಗೇ ಗೊತ್ತಿಲ್ಲದ ಹಾಗೆ ಸಿನಿಮಾ ಎತ್ತಿದೆ.”

ಚಪ್ಪಾಳೆ ಬಿತ್ತು. ನಿರ್ದೇಶಕನೂ ಯೋಚಿಸಿ ತಲೆಯಾಡಿಸಿದ. ಹಿಂದಿನ ಸಾಲಿನಲ್ಲಿದ್ದ ಟೀಚರ್‌ಗೆ ಮಾತ್ರ ಗೊತ್ತಿತ್ತು, ಆ ಗಡ್ಡದವರು ಆ ಸಿನಿಮಾದಿಂದ ಸಾಹೇಬರಿಗಿಂತ ಐದು ನಿಮಿಷ ಮೊದಲೇ ಎದ್ದು ಹೋಗಿದ್ದರು. ಅವರು ಬಿಟ್ಟ ಸೀಟನ್ನೇ ಆಕೆ ಹಿಡಿದದ್ದು.

ಆ ಒಂದು ಮಾತಿನಿಂದ ಸಾಹೇಬರು ಗಣ್ಯರಾದರು. ಮರುವರ್ಷ ಅವರನ್ನು ಉತ್ಸವದ ಸಮಿತಿಗೆ ಸೇರಿಸಿಕೊಂಡರು. ಈಗ ಎದೆಗೆ ಬ್ಯಾಡ್ಜು, ಪ್ರತಿ ತೆರೆಯಲ್ಲೂ ಹೆಸರು ಬರೆದ ಸೀಟು. ಕೂರಲು ಪುರುಸೊತ್ತಿಲ್ಲ. ಬೆಳಿಗ್ಗೆ ಸಭೆ, ಮಧ್ಯಾಹ್ನ ಸ್ವಾಗತ, ಸಂಜೆ ವಂದನಾರ್ಪಣೆ. ಏಳು ದಿನದಲ್ಲಿ ಅವರು ಒಂದು ಸಿನಿಮಾವನ್ನೂ ನೋಡಲಿಲ್ಲ.

ಟೀಚರ್ ತಮ್ಮ ಪಾಸನ್ನು ತಾವೇ ಮಾಡಿಸಿಕೊಂಡು ದಿನಕ್ಕೆ ಎರಡರಂತೆ ನೋಡಿದರು, ದೀಪ ಹತ್ತುವವರೆಗೂ ಕೂತು. ನಡುವೆ ಹೊರಗೆ ಬೆಂಚಿನ ಮೇಲೆ ಕೂತು ಚಹಾ ಕುಡಿದರು.

ಮೂರನೆಯ ದಿನ ಸಾಹೇಬರು ಅವರನ್ನು ಹುಡುಕಿಕೊಂಡು ಆ ಬೆಂಚಿಗೆ ಬಂದರು. “ಪತ್ರಿಕೆಯವರು ಕೇಳ್ತಿದ್ದಾರೆ. ಒಳ್ಳೇವು ಯಾವ್ಯಾವು, ಬೇಗ ಹೇಳೇ.”

ಟೀಚರ್ ಎರಡು ಹೆಸರು ಹೇಳಿದರು. ಸಾಹೇಬರು ಅಂಗೈ ಮೇಲೆ ಬರೆದುಕೊಂಡು ಓಡಿದರು. ಆಕೆಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು. ಅದನ್ನು ಹೇಳಲಿಲ್ಲ.